ಅಂಗಳಕ್ಕೆ ಹಾಸಿದ ಹೊಸ ಫರ್ಸಿ

ಶಹಾಬಾದಿನ ನಮ್ಮ ಮನೆಗೆ ರೇಡಿಯೋ ಬಂದದ್ದು ಹದಿನೈದೇ ದಿನದ ಮಟ್ಟಿಗೆ, ಅದೂ ರಿಪೇರಿಗೆ. ನನ್ನ ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಬಿಜಲಿ ಮಿಸ್ತ್ರಿ. ಅಲ್ಲಿಯ ಫೋರಮನ್ ಒಬ್ಬರು ರಜೆಯ ಮೇಲೆ ಊರಿಗೆ ಹೊರಟಾಗ ಕೆಟ್ಟುಹೋಗಿದ್ದ ತಮ್ಮ ರೇಡಿಯೋವನ್ನು ಇವರ ಕೈಗೆ ಕೊಟ್ಟು, ತಾವು ವಾಪಸು ಬರುವಷ್ಟರಲ್ಲಿ ಸರಿಮಾಡಿಡಲು ಹೇಳಿದ್ದರು. ಇವರು ಎರಡೇ ದಿನಕ್ಕೆ ಸರಿಮಾಡಿದರು. ಉಳಿದ ಹದಿಮೂರು ದಿನ ಅದು ನಮ್ಮದೇ! ಚಿಂಚೋಳಿ ಕಡೆಯ ಹಳ್ಳಿಯಿಂದ ಬಂದ ನಾನು ಅಲ್ಲಿಯವರೆಗೆ ರೇಡಿಯೋವನ್ನು ಕಣ್ಣಿಂದ ಕಂಡವಳೂ ಅಲ್ಲ. ಮೊದಲ ದಿನ ಅದರೊಳಗಿಂದ ಗಂಡಸಿನ ದನಿ ಬಂದಾಗ ಗಾಬರಿಯಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹೊತ್ತಿನ ಊಟಕ್ಕೆ ಇವರಿಗೆ ನಾನು ತುಪ್ಪ ಬಡಿಸಲಿಲ್ಲ.

ಬೇರೆ ಊರಿನಲ್ಲಾದರೆ ರೇಡಿಯೋ ಇಡಲು ಒಂದು ಮೇಜು ಸಾಕಾಗುತ್ತಿತ್ತೇನೋ. ನಮ್ಮಲ್ಲಿ ಅಂಗಳ ಅಗೆಯಬೇಕಾಯಿತು. ಮಾಳಿಗೆಯ ಮೇಲೆ ಎರಡು ಬಿದಿರು ನಿಲ್ಲಿಸಿ ಒಂದು ತಂತಿ ಕಟ್ಟಿದ್ದಾಯಿತು. ಇನ್ನೊಂದು ತಂತಿ ಕಿಟಕಿಯಿಂದ ಇಳಿದು ನೆಲದೊಳಗೆ ಹೋಗಬೇಕು, ಆ ನೆಲ ಸದಾ ಹಸಿಯಾಗಿರಬೇಕು, ಇಲ್ಲದಿದ್ದರೆ ಹೈದರಾಬಾದಿನ ದನಿ ಇಷ್ಟು ದೂರ ಕೇಳಿಸುವುದಿಲ್ಲ ಎಂದರು ಇವರು. ಹಸಿ ನೆಲವನ್ನು ಎಲ್ಲಿಂದ ತರುವುದು? ಶಹಾಬಾದಿನಲ್ಲಿ ಮಣ್ಣು ಕಾಣುವುದೇ ಕಷ್ಟ. ಗೋಡೆ ಕಲ್ಲು, ಮಾಳಿಗೆ ಕಲ್ಲು, ಅಂಗಳ ಕಲ್ಲು. ಕೊನೆಗೆ ಇವರು ಕಿಟಕಿಯ ಕೆಳಗಿನ ಒಂದು ಹಾಸುಗಲ್ಲನ್ನು, ಅಂದರೆ ಫರ್ಸಿಯನ್ನು, ಎತ್ತಿ ಪಕ್ಕಕ್ಕಿಟ್ಟು, ಆಳವಾದ ಕುಣಿ ತೋಡಿ, ಇದ್ದಿಲು ಮತ್ತು ಉಪ್ಪು ಸುರಿದು, ತಾಮ್ರದ ತಗಡಿಗೆ ತಂತಿ ಕಟ್ಟಿ ಹೂಳಿದರು. ದಿನಕ್ಕೆರಡು ಕೊಡ ನೀರು ಹಾಕುವ ಕೆಲಸ ನನ್ನದು. ಎಮ್ಮೆ ಮಲಗಿ ಎದ್ದ ಹಾಗೆ ಅಲ್ಲಿ ಯಾವಾಗಲೂ ರಾಡಿ.

ನನ್ನ ಮಾವನವರಿಗೆ ಅದು ನುಂಗಲಾರದ ತುತ್ತಾಯಿತು. ಅವರದು ಫರ್ಸಿ ತೆಗೆಯುವ ಖಣಿ, ಅಂದರೆ ಕಲ್ಲುಗಣಿ. ಹರೆಯದಲ್ಲಿ ತಾವೇ ಉಳಿ, ಸುತ್ತಿಗೆ ಹಿಡಿದು ಕಲ್ಲು ಎಬ್ಬಿಸಿದವರು. ಅಂಗಳದಲ್ಲಿ ಗೇಣು ಮಣ್ಣು ಕಂಡರೂ ಅವರಿಗೆ ಊಟ ಸೇರುತ್ತಿರಲಿಲ್ಲ.

"ಮನೀಗಿ ಯಾರರ ಬಂದ್ರ ನನ್ನ ಮಾನ ಹೋಗ್ತದ. ಖಣಿ ಧಣಿ ಅಂಗಳದಾಗ ರಾಡಿ!" ಎಂದು ದಿನಾ ಒಮ್ಮೆ ಗೊಣಗುತ್ತಿದ್ದರು.

ಅವರ ಆ ಮಾತಿನ ಹಿಂದೆ ಖಣಿಯವರ ಒಂದು ರೂಢಿಯಿತ್ತು. ಮನೆಗೆ ಬೇಕಾದವರು ಬರುವುದಿದ್ದರೆ ಅಂಗಳಕ್ಕೆ ಹೊಸದೊಂದು ಕಲ್ಲು ಹಾಸಬೇಕು. ನಾನು ಸೊಸೆಯಾಗಿ ಬಂದ ದಿನ ಹೊಸ್ತಿಲ ಮುಂದೆ ಹಾಸಿದ ಕಲ್ಲು ಇವತ್ತಿಗೂ ಇದೆ. ಅದರ ಮೇಲೆಯೇ ಕಾಲಿಟ್ಟು ಒಳಗೆ ಬಂದೆ. ಮುತ್ತೈದೆಯರು ಆರತಿ ಎತ್ತುವ ಮೊದಲು ಮಾವ ಬಗ್ಗಿ ಅಂಗೈಯಿಂದ ಆ ಕಲ್ಲನ್ನು ಸವರಿ ನೋಡಿದ್ದರು. ನನ್ನ ಮುಖವನ್ನು ಅವರು ನೋಡಿದ್ದು ಆಮೇಲೆ.

ರೇಡಿಯೋ ಬಂದ ವಾರವೇ ಹೈದರಾಬಾದಿನಿಂದ ನನ್ನ ನಾದಿನಿಯ ಕಾಗದ ಬಂತು. ಬಂದದ್ದು ನಮ್ಮ ಮನೆಗಲ್ಲ, ಪಕ್ಕದ ಮನೆಯ ಮುಸಲ್ಮಾನ ಹಿರಿಯಾಕೆ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರ ವಿಳಾಸಕ್ಕೆ. ನಮ್ಮ ಮನೆಯಲ್ಲಿ ನಾದಿನಿಯ ಕಾಗದವಿರಲಿ, ಹೆಸರೂ ಎತ್ತುವಂತಿರಲಿಲ್ಲ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ಹೈದರಾಬಾದಿನ ದವಾಖಾನೆಯಲ್ಲಿ ಸೂಲಗಿತ್ತಿಯ ಕೆಲಸ ಕಲಿಯುತ್ತೇನೆಂದು ಕೇಳಿದಳು. ಅಪ್ಪ ಬೇಡವೆಂದರು. ಒಂದು ದಿನ ಚಿತ್ತಾಪುರದ ಬಂಧುಗಳ ಮನೆಗೆಂದು ಹೊರಟು, ವಾಡಿಯಲ್ಲಿ ಗಾಡಿ ಬದಲಿಸಿದಳು. ಆ ಗಾಡಿ ಚಿತ್ತಾಪುರದಲ್ಲಿ ನಿಂತಿತು, ಇವಳು ಇಳಿಯಲಿಲ್ಲ. ಸೇಡಂ ದಾಟಿ, ಅದರಾಚೆಯ ತೆಲುಗು ಊರುಗಳನ್ನು ದಾಟಿ, ನೇರ ಹೈದರಾಬಾದಿನಲ್ಲಿಯೇ ಇಳಿದಳು. ಮಾವನವರು ಕೊರಳಿನ ಲಿಂಗ ಕೈಯಲ್ಲಿ ಹಿಡಿದು, "ಅಕಿ ಮಾರಿ ನಾ ನೋಡಂಗಿಲ್ಲ. ಅಕಿ ಹೆಸರು ಈ ಮನ್ಯಾಗ ಯಾರೂ ಎತ್ತಂಗಿಲ್ಲ" ಎಂದು ಆಣೆ ಮಾಡಿದರು. ಏಳು ವರ್ಷವಾಗಿತ್ತು. ಮಾತಿನ ನಡುವೆ ಅವಳ ಪ್ರಸ್ತಾಪ ತಪ್ಪಿಸಲಾಗದೆ ಬಂದರೆ ಅತ್ತೆ, "ಚಿತ್ತಾಪುರದಾಗ ಇಳೀಲಾರದಾಕಿ" ಎಂದು ದನಿ ತಗ್ಗಿಸಿ ಹೇಳುತ್ತಿದ್ದರು.

ನಾನು ಆ ಮನೆಗೆ ಬಂದದ್ದು ಅವಳು ಹೋದ ಮೇಲೆ. ಕಂಡೇ ಇಲ್ಲದ ನಾದಿನಿಗೆ ಕಾಗದ ಬರೆಯಲು ಶುರುಮಾಡಿದವಳು ನಾನೇ. ಯಾರೂ ಹೇಳಿರಲಿಲ್ಲ. ಒಬ್ಬ ಹೆಣ್ಣುಮಗಳು ಕೆಲಸ ಕಲಿಯಲು ಹೋದರೆ ಅವಳು ಸತ್ತಂತೆ ನಡೆದುಕೊಳ್ಳುವುದೆಂದರೇನು ಎಂದು ನನಗೆ ಮೈ ಉರಿಯುತ್ತಿತ್ತು, ಅಷ್ಟೇ.

ಕಾಗದದಲ್ಲಿ ಹೀಗಿತ್ತು: "ವೈನಿ, ಬರೋ ಗುರುವಾರ ನನಗ ರೇಡಿಯೋದಾಗ ಮಾತಾಡ್ಲಿಕ್ಕೆ ಕರದಾರ. ಬಾಣಂತಿ, ಕೂಸಿನ ಆರೈಕಿ ಬಗ್ಗೆ. ಉರ್ದುದಾಗ ಮಾತಾಡು ಅಂದ್ರ ಮಧ್ಯಾಹ್ನ ಹೆಣ್ಮಕ್ಕಳ ಕಾರ್ಯಕ್ರಮದಾಗ, ಕನ್ನಡದಾಗ ಅಂದ್ರ ಸಂಜಿಮುಂದ. ಅದು ಇನ್ನಾ ಪಕ್ಕಾ ಆಗಿಲ್ಲ. ಶಹಾಬಾದಿನ್ಯಾಗ ಯಾರ ಮನ್ಯಾಗರ ರೇಡಿಯೋ ಇದ್ರ, ಅವ್ವಗ ಒಂದ್ಸಲ ಕೇಳಸ್ತಿ ಏನು?"

ಯಾರ ಮನೆಯಲ್ಲಾದರೂ ಅಂತೆ! ಖಾಲಾನ ಅಡಿಗೆಮನೆಯಲ್ಲಿ ಕಾಗದ ಹಿಡಿದು ನಾನು ನಿಂತಲ್ಲೇ ಕುಣಿದೆ. ಖಾಲಾ, "ಅರೆ ಬೇಟಿ, ಕೊಡ ಒಡದಿ!" ಎಂದು ಕೂಗಿದರೂ ಕೇಳಲಿಲ್ಲ. ಓಡಿಬಂದು ಅತ್ತೆಗೆ ಹೇಳಿದೆ. ಅವರು ರೊಟ್ಟಿ ತಟ್ಟುತ್ತಿದ್ದರು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಆಮೇಲೆ ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದರು.

"ಅಕಿ ದನಿ ಹ್ಯಾಂಗಿತ್ತಂಬೋದು ನನಗ ನೆಪ್ಪಿಗಿ ಬರವಲ್ದವ್ವಾ. ಮಾರಿ ಕಣ್ಮುಂದ ಬರ್ತದ, ದನಿ ಬರಂಗಿಲ್ಲ. ಒಂದ್ಸಲ ಕೇಳಿದ್ರ ಸಾಕು ನನಗ" ಎಂದರು.

ಆಗಲೇ ನಿಶ್ಚಯಿಸಿದೆ. ಆಕಾಶ ಕಳಚಿ ಬಿದ್ದರೂ ಸರಿ, ಗುರುವಾರ ಈ ಹೆಂಗಸಿಗೆ ಮಗಳ ದನಿ ಕೇಳಿಸಿಯೇ ಬಿಡುವುದು.

ಗುರುವಾರ ಬೆಳಗ್ಗೆ ಇವರು ಕಾರ್ಖಾನೆಗೆ ಹೊರಡುವ ಮೊದಲು ನನಗೆ ಪಾಠ ಹೇಳಿದರು. ಅವತ್ತು ಎರಡೂ ಪಾಳಿಯ ಕೆಲಸ, ದೀಪ ಹಚ್ಚಿದ ಮೇಲೆಯೇ ಮನೆ. "ಈ ಗುಂಡಿ ತಿರುವು. ಮುಳ್ಳು ಇಲ್ಲಿಗೆ ನಿಲ್ಲಸು. ಸಣ್ಣ ದೀಪ ಉರದ್ರ ಬ್ಯಾಟರಿ ಜೀವಂತ ಅದ ಅಂತ ತಿಳಿ. ದನಿ ಸಣ್ಣಾದ್ರ ಮೊದಲು ಅಂಗಳದಾಗಿನ ತಂತಿ ನೋಡು, ನೀರು ಹಾಕು." ನಾನು ಮೂರು ಸಲ ಒಪ್ಪಿಸಿದೆ. ಪಾಳಿಗೆ ಕರೆಯುವ ಕಾರ್ಖಾನೆಯ ಭೋಂಗಾ ಆಯಿತು. ಇವರು ಸೈಕಲ್ ಹತ್ತಿ ಹೋದರು. ಮಾವನವರು ತಮ್ಮ ಪೂಜೆ ಮುಗಿಸಿ ಖಣಿಗೆ ಹೋದರು. ಖಾಲಾ ಕೂಡ ಬಂದು ನಮ್ಮ ಜೊತೆ ಕುಳಿತರು. ಇನ್ನೇನು, ಮನೆ ನಮ್ಮದು!

ಮೊದಲು ಬಂದದ್ದು ಕುರಾನಿನ ಪಠಣ. ಖಾಲಾ ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದರು. ಅದನ್ನು ಕಂಡು ಅತ್ತೆಯೂ ಕೈ ಮುಗಿದು ಕುಳಿತರು. ಆಮೇಲೆ ಉರ್ದು ಸುದ್ದಿ. ಆಗ ಲಡಾಯಿ, ಅಂದರೆ ಮಹಾಯುದ್ಧ, ನಡೆದಿತ್ತು. ಯಾವ ದೇಶದ ಫೌಜು ಎಲ್ಲಿಗೆ ಬಂತೆಂದು ಖಾಲಾ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಆದರೆ ಅವರಿಗೆ ಸಿಟ್ಟು ಬಂದ ಫೌಜಿನ ಸುದ್ದಿಯನ್ನು ಹೇಳುತ್ತಲೇ ಇರಲಿಲ್ಲ, "ಅವ್ರದು ಬಿಡು" ಎಂದು ಕೈ ಬೀಸಿಬಿಡುತ್ತಿದ್ದರು. ಸುದ್ದಿಯ ಹಿಂದೆ ಸಾರಂಗಿ. ಅದರ ಹಿಂದೆ ಹೊಲಕ್ಕೆ ಗೊಬ್ಬರ ಹಾಕುವ ಬಗ್ಗೆ ಒಬ್ಬರ ಭಾಷಣ. ಒಂದು ಪೆಟ್ಟಿಗೆಯೊಳಗೆ ದೇವರು, ಲಡಾಯಿ, ಸಂಗೀತ, ಸೆಗಣಿ ಎಲ್ಲವೂ! ನನಗೆ ನೀರು ಕುಡಿಯಲೂ ಏಳುವ ಮನಸ್ಸಾಗಲಿಲ್ಲ. ಗೊಬ್ಬರದ ಭಾಷಣವನ್ನು ಕೂಡ ಬಾಯಿ ತೆರೆದುಕೊಂಡು ಕೇಳಿದೆ.

ಬೆಳಗಿನ ಪಾಳಿ ಮುಗಿಸಿ ರೇಡಿಯೋ ಸುಮ್ಮನಾಯಿತು. ಮಧ್ಯಾಹ್ನ ಮತ್ತೆ ಶುರುವಾದಾಗ ಹೆಂಗಸರ ಕಾರ್ಯಕ್ರಮ. ಮೊದಲ ಹೆಣ್ಣು ದನಿ ಬಂದದ್ದೇ ತಡ, ಅತ್ತೆ ಎದ್ದು ನಿಂತರು.

"ಇಕಿನೇ ಏನು?"

"ಅಲ್ಲ, ಇದು ಯಾರೋ ಬೇಗಂ" ಎಂದರು ಖಾಲಾ.

ಬೇಗಂ ಬದನೆಕಾಯಿಯ ಪಲ್ಯ ಮಾಡುವುದನ್ನು ಹೇಳಿಕೊಟ್ಟರು. ಖಾಲಾ ಕೇಳಿ ಮೂಗು ಮುರಿದರು: "ಎಂಟ್ ಮಂದೀಗಿ ಇಷ್ಟೇ ಖಾರ? ಬೀಮಾರ್ ಮಂದಿ ತಿಂತಾರೇನು ಅಲ್ಲಿ?" ಇನ್ನೊಬ್ಬಾಕೆ ಕಸೂತಿಯ ಮಾತಾಡಿದಳು. ಮತ್ತೊಬ್ಬಾಕೆ ಗಜಲು ಹಾಡಿದಳು. ಒಂದೊಂದು ದನಿಗೂ ಅತ್ತೆ ಏಳುವುದು, ಖಾಲಾ ತಲೆ ಅಲ್ಲಾಡಿಸುವುದು, ಅತ್ತೆ ಕೂರುವುದು. ಕಾರ್ಯಕ್ರಮ ಮುಗಿಯಿತು. ನಾದಿನಿ ಬರಲಿಲ್ಲ.

"ಅಂದ್ರ ಕನ್ನಡದಾಗ!" ಎಂದು ನಾನು ಚಪ್ಪಾಳೆ ಹೊಡೆದೆ. "ಸಂಜಿಮುಂದ, ನಮ್ಮ ಮಾತಿನಾಗ! ಇನ್ನೂ ಚಲೋನೇ ಆಯ್ತಲ್ಲ ಅತ್ತ್ಯಾರ!"

ಅತ್ತೆಯ ಮುಖ ಅರಳಿತು. ಏನು ತೋಚಿತೋ, ಸೀರೆ ಎತ್ತಿ ಕಟ್ಟಿ, "ನಡಿ, ಹೋಳಿಗಿ ಮಾಡಮು" ಎಂದರು. ಮಗಳು ತವರಿಗೆ ಬಂದರೆ ಹೋಳಿಗೆ ಮಾಡದಿರುವುದುಂಟೇ? ಅತ್ತೆಯ ಸೇಡಂನ ತವರಿನಿಂದ ಬಂದ ತೊಗರಿಬೇಳೆ ಇತ್ತು. ಬೇಯಿಸಿ, ಬೆಲ್ಲ ಹಾಕಿ, ಹಿತ್ತಲ ಒರಳಿನಲ್ಲಿ ಹೂರಣ ರುಬ್ಬಲು ಕುಳಿತೆವು. ಮೂರರ ಭೋಂಗಾ ಆಯಿತು. ಮುಂದಿನ ಅಂಗಳದಲ್ಲಿ ಎತ್ತಿನ ಗಂಟೆ, ಆಮೇಲೆ ಸುತ್ತಿಗೆಯ ಠಣ್ ಠಣ್ ಕೇಳಿಸಿತು. ಖಣಿಯವರ ಮನೆಯಲ್ಲಿ ಸುತ್ತಿಗೆಯ ಸಪ್ಪಳಕ್ಕೆ ಯಾರು ಕಿವಿಗೊಡುತ್ತಾರೆ? ನಾವು ನಮ್ಮ ಹೂರಣ ರುಬ್ಬಿದೆವು.

ಸಂಜೆಯಾಯಿತು. ಕನ್ನಡಕ್ಕೆ ಮೊದಲು ತೆಲುಗು ಹಾಡು ಬರುವ ಹೊತ್ತು. ಚಿಂಚೋಳಿ ಕಡೆಯವಳಾದ ನನಗೆ ತೆಲುಗು ಬರುತ್ತದೆಂದು ಬೆಳಗಿನಿಂದಲೂ ಜಂಬ ಕೊಚ್ಚಿದ್ದೆ. ಖಾಲಾ ಹಿತ್ತಲ ಬಾಗಿಲಿನಿಂದ ಬಂದು ಕುಳಿತರು. ಅತ್ತೆ ರೇಡಿಯೋದ ಮುಂದೆ ತಟ್ಟೆಯಲ್ಲಿ ಎರಡು ಹೋಳಿಗೆ ಇಟ್ಟರು. ನಾನು ಗುಂಡಿ ತಿರುವಿದೆ.

ಏನೂ ಇಲ್ಲ. ಬರೀ ಬುಸ್ಸೆನ್ನುವ ಸಪ್ಪಳ. ಕಿವಿ ಹಚ್ಚಿ ಕೇಳಿದರೆ ನಾಲ್ಕು ಹೊಲದಾಚೆ ಯಾರೋ ಹಾಡುತ್ತಿರುವ ಹಾಗೆ.

"ಬ್ಯಾಟರಿ ಸತ್ತದೇನು ನೋಡು" ಎಂದರು ಖಾಲಾ. ಇಲ್ಲ, ಸಣ್ಣ ದೀಪ ಉರಿಯುತ್ತಿತ್ತು. ಹಿತ್ತಲ ಏಣಿ ಹತ್ತಿ ಮಾಳಿಗೆಗೆ ಹೋದೆ. ಬಿದಿರು, ತಂತಿ ಎಲ್ಲ ಸರಿಯಾಗಿದ್ದವು. ಇಳಿದು ಬರುವಷ್ಟರಲ್ಲಿ ತೆಲುಗು ಹಾಡು ಮುಗಿದಿತ್ತು. ಆ ಬುಸ್ಸಿನೊಳಗೆ ಯಾರೋ ಮಾತಾಡುತ್ತಿದ್ದರು. ಗಂಡೋ ಹೆಣ್ಣೋ ತಿಳಿಯದು. ಅತ್ತೆ ರೇಡಿಯೋದ ಮೇಲೆ ಎರಡೂ ಕೈಯಿಟ್ಟು, "ಇದು ಅಕಿನೇ ಅದಾಳ. ಏನರ ಮಾಡವ್ವಾ, ಏನರ ಮಾಡು" ಎಂದು ಅಳತೊಡಗಿದರು. ನೀರು! ಇವರು ಹೇಳಿದ್ದು ನೆನಪಾಗಿ ಕೊಡ ಎತ್ತಿಕೊಂಡು ಅಂಗಳಕ್ಕೆ ಓಡಿದೆ.

ಅಂಗಳದಲ್ಲಿ ರಾಡಿಯೇ ಇರಲಿಲ್ಲ. ಕಿಟಕಿಯ ಕೆಳಗೆ ಹೊಸ ಫರ್ಸಿ ಕುಳಿತಿತ್ತು. ಅಂಥಿಂಥ ಕಲ್ಲಲ್ಲ. ನೀಲಿ ಛಾಯೆಯ ಬೂದು ಬಣ್ಣ, ಮುಖ ಕಾಣುವಷ್ಟು ತೀಡಿದ್ದು, ಅಂಚಿನಲ್ಲಿ ಸುತ್ತಲೂ ಉಳಿಯಿಂದ ಎಳೆದ ಸಣ್ಣ ಗೆರೆ. ಸಂದಿಗೆಲ್ಲ ಸುಣ್ಣ ಮೆತ್ತಿದ್ದರು. ಕಿಟಕಿಯಿಂದ ಇಳಿದ ತಂತಿ ಆ ಕಲ್ಲಿನ ಸಂದಿಗೆ ಹೋಗಿ ಮಾಯವಾಗಿತ್ತು. ಜಗ್ಗಿದೆ. ಕತ್ತರಿಸಿದ ತುದಿ ಕೈಗೆ ಬಂತು.

ಮಾವನವರು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ಮಡಿ ಧೋತರ, ಮದುವೆ ಮುಂಜಿಗಷ್ಟೇ ಸುತ್ತುವ ಬಿಳಿ ರುಮಾಲು. ನನಗೆ ಏನನ್ನೂ ಯೋಚಿಸುವ ತಾಳ್ಮೆ ಉಳಿದಿರಲಿಲ್ಲ. ಅವರೆದುರು ಅದುವರೆಗೆ ತಲೆಯೆತ್ತಿ ಒಂದು ಮಾತಾಡಿದವಳಲ್ಲ, ಅವತ್ತು ಸೆರಗು ಜಾರಿದ್ದೂ ಗೊತ್ತಾಗದೆ ಒದರಿದೆ.

"ಈ ಕಲ್ಲು ಯಾರ್ ಹಾಕಿದ್ರಿ ಮಾವಾರ?"

"ನಾನ ಹಾಕೀನಿ. ಯಾಕ?"

"ತಗೀರಿ ಅದನ್ನ! ಈಗಿಂದೀಗ ತಗೀರಿ!"

"ಹಾಸಿದ ಕಲ್ಲು ತಗೀತಾರೇನು? ಸುಣ್ಣ ಇನ್ನಾ ಹಸಿ ಅದ."

"ಅಕಿ ಮಾತಾಡ್ಲಿಕತ್ಯಾಳ್ರಿ! ಈಗ, ಈ ಗಳಿಗ್ಯಾಗ ಮಾತಾಡ್ಲಿಕತ್ಯಾಳ! ನಿಮ್ಮ ಕಲ್ಲು ತಂತಿ ಕಡದು ಅಕಿ ದನಿ ನಿಲ್ಲಿಸ್ಯಾದ!"

ಅವರು ಎದ್ದ ವೇಗ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಯಾರು ಎಂದು ಕೇಳಲಿಲ್ಲ. ಕಬ್ಬಿಣದ ಹಾರೆ ತಂದು ಸಂದಿಗೆ ಹಾಕಿ ಮೀಟಿದರು. ಕಲ್ಲು ಜಪ್ಪಯ್ಯ ಅನ್ನಲಿಲ್ಲ; ಅವರ ಕೈಯಲ್ಲಿ ಹಾಸಿದ ಕಲ್ಲು ಅಷ್ಟು ಸುಲಭಕ್ಕೆ ಏಳುವುದಿಲ್ಲ. ಹಾರೆ ಬಿಸಾಕಿ ದೊಡ್ಡ ಸುತ್ತಿಗೆ ಎತ್ತಿದರು. ಒಂದು ಮೂಲೆ ಮುಕ್ಕಾದರೂ ಆಳುಗಳ ಜನ್ಮ ಜಾಲಾಡುತ್ತಿದ್ದ ಮನುಷ್ಯ, ಅಂಥ ಕಲ್ಲಿನ ನಟ್ಟನಡುವೆ ಹೊಡೆದರು. ಎರಡನೆಯ ಪೆಟ್ಟಿಗೆ ಅದು ಸೀಳಿತು. ಇಬ್ಬರೂ ಸೇರಿ ತುಂಡುಗಳನ್ನು ಎಳೆದು ಹಾಕಿದೆವು. ನಾನು ಮಣ್ಣಿನೊಳಗೆ ಕೈ ತೂರಿಸಿ ತಂತಿಯ ಇನ್ನೊಂದು ತುದಿ ಹುಡುಕಿದೆ, ಹಲ್ಲಿನಿಂದ ಸುಲಿದೆ, ಎರಡನ್ನೂ ಹೊಸೆದೆ. ಮಾವ ಕೊಡ ಬಗ್ಗಿಸಿದರು.

"ಬಂತು! ಬಂತವ್ವಾ, ಬಂತು!" ಒಳಗಿನಿಂದ ಅತ್ತೆಯ ಕೂಗು.

ನಾನು ಅದುವರೆಗೆ ಆ ದನಿ ಕೇಳಿದವಳಲ್ಲ. ಆದರೂ ಕೇಳಿದ ಕೂಡಲೇ ತಿಳಿಯಿತು. ಸ್ವಲ್ಪ ದಪ್ಪ ದನಿ, ಥೇಟ್ ಮಾವನವರದೇ ಗತ್ತು. ಬರೆದುಕೊಂಡದ್ದನ್ನು ಪುಸ್ತಕದ ಕನ್ನಡದಲ್ಲಿ ಓದುತ್ತಿದ್ದಳು. ನೀರು ಕುದಿಸಬೇಕು, ಬಟ್ಟೆ ಕುದಿಸಬೇಕು, ಹೊಕ್ಕುಳಬಳ್ಳಿ ಕೊಯ್ಯಲು ಕುಡುಗೋಲು ಮುಟ್ಟಬಾರದು. ಓದುತ್ತ ಓದುತ್ತ ಒಂದು ಕಡೆ ಕಾಗದ ಬಿಟ್ಟಳೆಂದು ಕಾಣುತ್ತದೆ, ಮಾತು ನಮ್ಮೂರಿನದಾಯಿತು: "ಮಣ್ಣಿನ ನೆಲದ ಮ್ಯಾಲ ಬಾಣಂತೀಗಿ ಮಲಗಸಬ್ಯಾಡ್ರಿ. ನಮ್ಮೂರಾಗ ನಮ್ಮಪ್ಪ ಹಾಸಿದ ಫರ್ಸಿ ಅದಾವ. ಬಿಸಿನೀರಾಗ ತೊಳದ್ರ ಅದರಷ್ಟು ಸ್ವಚ್ಛ ಯಾವುದೂ ಇಲ್ಲ. ಅಂಥಾ ನೆಲ ಇದ್ರ ಕೂಸಿಗಿ ಅಂಜಿಕಿ ಇಲ್ರಿ."

ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ. ಒಳಗೆ ಅತ್ತೆ ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ, ಖಾಲಾ ಅವರ ಬೆನ್ನು ತಿಕ್ಕುತ್ತಿದ್ದರು. ಹೊರಗೆ ಮಾವ ಬಾವಿಯಿಂದ ಸೇದಿ ಸೇದಿ ತಂದು ಕುಣಿಗೆ ನೀರು ಹಾಕುತ್ತಲೇ ಇದ್ದರು. ಕುಣಿ ತುಂಬಿ ಅಂಗಳವೆಲ್ಲ ಹರಿಯಿತು. ನೀರು ಹಾಕಿದಷ್ಟೂ ಮಗಳ ದನಿ ಗಟ್ಟಿಯಾಗುತ್ತದೆಂದು ಅವರು ತಿಳಿದಿದ್ದರು. ನಾನು ಸಾಕೆನ್ನಲಿಲ್ಲ. ಮಡಿ ಧೋತರ ಮೊಳಕಾಲವರೆಗೆ ರಾಡಿಯಾಗಿತ್ತು.

ಮಾತು ಮುಗಿಯಿತು. ಒಬ್ಬ ಗಂಡಸು ಬಂದು, ಇಲ್ಲಿಯವರೆಗೆ ಮಾತಾಡಿದವರು ಇಂಥವರೆಂದು ಅವಳ ಹೆಸರು ಹೇಳಿದ. ಏಳು ವರ್ಷದಿಂದ ಯಾರೂ ಎತ್ತದ ಹೆಸರು ನಮ್ಮ ಪಡಸಾಲೆಯಲ್ಲಿ ಅಷ್ಟು ದೊಡ್ಡದಾಗಿ ಕೇಳಿಸಿತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಆ ಮನೆಯದು.

ಅತ್ತೆ ಹೊರಗೆ ಬಂದರು. ಒಡೆದ ಕಲ್ಲನ್ನು ನೋಡಿದರು, ಗಂಡನ ರುಮಾಲನ್ನು ನೋಡಿದರು. "ಅಕಿ ರೇಡಿಯೋದಾಗ ಬರ್ತಾಳಂತ ನಾನ ಹೇಳಿದ್ದೆ ಅವರಿಗಿ, ಕಾಗದ ಬಂದ ದಿನಾನೇ. ನನ್ನ ಬಾಯಾಗ ನಿಲ್ಲಲಿಲ್ಲ" ಎಂದು ನನ್ನ ಕಡೆ ತಿರುಗಿ ಒಪ್ಪಿಕೊಂಡರು. ಆಗ ತಿಳಿಯಿತು ನನಗೆ, ಆ ನೀಲಿ ಕಲ್ಲು ಯಾರಿಗೆ ಹಾಸಿದ್ದೆಂದು. ಇಷ್ಟು ಹೊತ್ತು ಬೈದುಕೊಂಡದ್ದಕ್ಕೆ ನಾಚಿ, ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಮಾವ ಕೊಡ ಕೆಳಗಿಟ್ಟರು. "ಏ ಸೊಸಿ, ನೀ ಅಕಿಗಿ ಕಾಗದ ಬರೀತಿ, ಹೌದಿಲ್ಲೋ?"

ಇನ್ನು ಮುಚ್ಚಿಡುವುದೇನು? "ಬರೀತೀನ್ರಿ" ಎಂದೆ.

"ಬಾ ಅಂತ ಬರಿ."

ಅತ್ತೆ ಬೆದರಿ ಮುಂದೆ ಬಂದರು. "ಲಿಂಗ ಹಿಡದು ಆಣಿ ಮಾಡೀರಿ..."

"ಲಿಂಗಕ್ಕ ನಾ ಹೇಳ್ಕೋತೀನಿ, ತಪ್ಪು ಮಾತಾಡೀನಿ ಅಂತ. ನೀ ನಡಕ ಬಾಯಿ ಹಾಕಬ್ಯಾಡ" ಎಂದು ಗದರಿದರು. ಒಡೆದ ಕಲ್ಲಿನ ತುಂಡನ್ನು ಕಾಲಿನಿಂದ ಸರಿಸಿದರು. "ಇದು ಹೋಯ್ತು. ಮತ್ತೊಂದು ತೀಡ್ಲಿಕ್ಕೆ ನಾಕ್ ದಿನ ಬೇಕು. ನಾಕ್ ದಿನ ಬಿಟ್ಟು ಬಾ ಅಂತ ಬರಿ."

ಬಾವಿಯ ಕಡೆ ಕಾಲು ತೊಳೆಯಲು ಹೊರಟವರು ಎರಡು ಹೆಜ್ಜೆ ಹೋಗಿ ನಿಂತರು. ತಿರುಗಿ, ಮಗಳ ಹೆಸರು ಹಿಡಿದು ಹೇಳಿದರು, ಏಳು ವರ್ಷದ ಮೇಲೆ ಮೊದಲ ಸಲ. ಆಮೇಲೆ ಎಂದರು:

"ವಾಡ್ಯಾಗ ಗಾಡಿ ಬದಲ್ ಮಾಡಿ ಶಹಾಬಾದಿನ್ಯಾಗ ಇಳಿ ಅಂತ ಚೊಕ್ಕ ಬರಿ. ಇಳಿಯೋದು ಮರತಾಳು ಮತ್ತ."